ನಾದಕ್ಕೊಂದು ಹೊರಬಾಗಿಲು

ವೀಣೆಯ ತಂತಿಯನ್ನು ಮೀಟಿದಾಗ ಅದರ ಕಂಪನವನ್ನು ಕೊಡವು ಹಿಗ್ಗಿಸಿ ನಮ್ಮ ಕಿವಿಗೆ ಮುಟ್ಟಿಸುತ್ತದೆ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮಾಡ್ಯುಲರ್ ಸಿಂಥಸೈಜರ್ ಎಂಬ ವಾದ್ಯಕ್ಕಾದರೋ ಇಂತಹ ಒಡಲಿಲ್ಲ. ಅದರೊಳಗಿನ ನಾದವೆಂದರೆ ತಂತಿಗಳಲ್ಲಿ ಏರಿಳಿಯುವ ವೋಲ್ಟೇಜು ಮಾತ್ರ. ಅದನ್ನು ಆಂಪ್ಲಿಫೈಯರಿಗೋ ಧ್ವನಿಮುದ್ರಣ ಯಂತ್ರಕ್ಕೋ ಕ್ಷೇಮವಾಗಿ ತಲುಪಿಸುವ ಕೊನೆಯ ಘಟಕವೇ ಔಟ್‌ಪುಟ್ ಪ್ಯಾನೆಲ್. ವಿಜ್ಞಾನದಲ್ಲಿಯೂ ಸಂಗೀತದಲ್ಲಿಯೂ ಆಸಕ್ತರಾದ ತರುಣ ತರುಣಿಯರು ಮನೆಯಲ್ಲಿಯೇ ಇದನ್ನು ನಿರ್ಮಿಸುವ ಕ್ರಮವನ್ನು ಇಲ್ಲಿ ವಿಚಾರಿಸೋಣ.

ಅಮೆರಿಕದ ರಾಬರ್ಟ್ ಮೂಗ್ ಅವರು 1964ರಲ್ಲಿ ಈ ವಾದ್ಯದ ಮೊದಲ ಮಾದರಿಯನ್ನು ರೂಪಿಸಿದರು. ಸ್ವರ ಹುಟ್ಟಿಸುವ ಘಟಕ, ಅದನ್ನು ಸೋಸುವ ಘಟಕ, ಏರಿಳಿಸುವ ಘಟಕ, ಹೀಗೆ ಬಿಡಿಬಿಡಿಯಾದವುಗಳನ್ನು ಕೇಬಲ್ಲುಗಳಿಂದ ಬೇಕಾದಂತೆ ಜೋಡಿಸುವುದೇ ಇದರ ಮರ್ಮ. 1990ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಅವರು ಚಿಕ್ಕ ಅಳತೆಯ ಘಟಕಗಳನ್ನು ತಂದರು. ಯೂರೋರ್‍ಯಾಕ್ ಎಂದು ಹೆಸರಾದ ಆ ಅಳತೆಯೇ ಇಂದು ಬಹುಜನರ ಬಳಕೆಯಲ್ಲಿದೆ. ಇದರಲ್ಲಿ ಪ್ಯಾನೆಲಿನ ಎತ್ತರ 128.5 ಮಿಲಿಮೀಟರು, ಅಗಲವನ್ನು 5.08 ಮಿಲಿಮೀಟರಿನ ಮಾನದಿಂದ ಎಣಿಸುತ್ತಾರೆ.

ವೋಲ್ಟೇಜಿನ ಅಂತರ

ಪ್ರತ್ಯೇಕ ಪ್ಯಾನೆಲ್ ಏತಕ್ಕೆ, ನೇರವಾಗಿ ಜೋಡಿಸಬಾರದೇ ಎಂದು ಕೇಳಬಹುದು. ಯೂರೋರ್‍ಯಾಕಿನೊಳಗೆ ಧ್ವನಿಯ ಏರಿಳಿತ ತುದಿಯಿಂದ ತುದಿಗೆ ಸುಮಾರು 10 ವೋಲ್ಟ್ ಇರುತ್ತದೆ. ಧ್ವನಿಮುದ್ರಣ ಶಾಲೆಯ ಉಪಕರಣಗಳ ವಾಡಿಕೆಯ ಮಟ್ಟ ಸುಮಾರು 3.5 ವೋಲ್ಟ್, ಮನೆಯ ಸಂಗೀತ ಉಪಕರಣಗಳದು ಒಂದು ವೋಲ್ಟಿಗಿಂತಲೂ ಕಡಿಮೆ. ಹತ್ತು ಪಾಲು ಹೆಚ್ಚಿನ ಸಂಕೇತವನ್ನು ಹಾಗೆಯೇ ಹರಿಯಬಿಟ್ಟರೆ ಸ್ವರವು ಒಡೆದು ಕರ್ಕಶವಾಗುತ್ತದೆ. ಇದಲ್ಲದೆ ಇಂತಹ ವಾದ್ಯದಲ್ಲಿ ಏರಿಳಿಯದೆ ನಿಂತ ಏಕಮುಖ ವೋಲ್ಟೇಜು ಧ್ವನಿಯೊಡನೆ ಬೆರೆತಿರುವುದುಂಟು. ಅದು ಕಿವಿಗೆ ಕೇಳದು; ಆದರೆ ಸ್ಪೀಕರಿನ ಸುರುಳಿಯನ್ನು ಕಾಯಿಸಿ ಕೆಡಿಸಬಲ್ಲದು.

ಒಳಗಿನ ರಚನೆ

ಆದುದರಿಂದ ಒಳಬರುವ 3.5 ಮಿಲಿಮೀಟರಿನ ಜ್ಯಾಕಿನ ಬೆನ್ನಿಗೇ ಧ್ರುವಭೇದವಿಲ್ಲದ 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ, ಅನಂತರ 50 ಕಿಲೋ ಓಮಿನ ವಾಲ್ಯೂಮ್ ನಿಯಂತ್ರಕವನ್ನೂ ಇಡಬೇಕು. ಇವೆರಡೂ ಕೂಡಿ ಸುಮಾರು 3 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುತ್ತವೆ. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ ಮೇಲಿನದಾದ್ದರಿಂದ ಸಂಗೀತಕ್ಕೆ ಲೋಪವಿಲ್ಲ.

ಮುಂದಿನದು ಟಿಎಲ್072 ಎಂಬ ಚಿಪ್ಪು. ಅದರಲ್ಲಿ ಎರಡು ಪುಟ್ಟ ಆಂಪ್ಲಿಫೈಯರುಗಳಿವೆ. ಒಂದು ಸಂಕೇತವನ್ನು ಇದ್ದಂತೆಯೇ ಕೊಡುತ್ತದೆ. ಇನ್ನೊಂದು ಅದನ್ನೇ ತಲೆಕೆಳಗು ಮಾಡಿ ಕೊಡುತ್ತದೆ. ಈ ಜೋಡಿಯನ್ನು ಮೂರು ಸಂಪರ್ಕಗಳುಳ್ಳ 6.35 ಮಿಲಿಮೀಟರಿನ ಜ್ಯಾಕಿಗೆ ತಲಾ ಒಂದು ಸಮಾನ ಮೌಲ್ಯದ ರೆಸಿಸ್ಟರಿನ ಮೂಲಕ ಒಯ್ಯಬೇಕು. ಉದ್ದನೆಯ ಕೇಬಲ್ಲಿನಲ್ಲಿ ಗುಂಯ್‌ಗುಡುವ ಶಬ್ದ ಸೇರಿಕೊಂಡರೆ ಎರಡೂ ತಂತಿಗಳಲ್ಲಿ ಒಂದೇ ಬಗೆಯಾಗಿ ಸೇರುತ್ತದೆ. ಆಚೆಯ ಉಪಕರಣವು ಒಂದರಿಂದ ಇನ್ನೊಂದನ್ನು ಕಳೆದಾಗ ಆ ಗದ್ದಲ ಅಳಿದು, ನಾದ ಉಳಿಯುತ್ತದೆ. ಎಡ ಬಲ ಎರಡಕ್ಕೂ ಇದೇ ರಚನೆಯನ್ನು ಬೇರೆ ಬೇರೆಯಾಗಿ ಮಾಡತಕ್ಕದ್ದು.

ಕೈಕೆಲಸ

2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಇದಕ್ಕೆ ಒಳ್ಳೆಯದು. ಮೊದಲು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ನಕ್ಷೆ ಬರೆದು, ರಟ್ಟಿಗೆ ಅಂಟಿಸಿ, ಗುಬುಟುಗಳನ್ನಿಟ್ಟು ಬೆರಳು ಆಡುವಷ್ಟು ಎಡೆಯಿದೆಯೇ ಎಂದು ನೋಡಬೇಕು. ರಂಧ್ರದ ಗಾತ್ರವನ್ನು ಕೈಯಲ್ಲಿರುವ ಜ್ಯಾಕನ್ನೇ ಅಳೆದು ನಿಶ್ಚಯಿಸಬೇಕು. ಮಧ್ಯಬಿಂದುವನ್ನು ಪಂಚಿನಿಂದ ಗುರುತಿಸಿ, ಮೊದಲು ಸಣ್ಣ ರಂಧ್ರ ಕೊರೆದು, ಬಳಿಕ ಹಂತಹಂತವಾಗಿ ಹಿಗ್ಗಿಸಿದರೆ ತಗಡು ಹರಿಯುವುದಿಲ್ಲ. ಅಂಚುಗಳನ್ನು ಅರದಿಂದ ಉಜ್ಜಿ ನಯಗೊಳಿಸುವುದನ್ನು ಮರೆಯಬಾರದು.

ಘಟಕಕ್ಕೆ ಬೇಕಾದುದು ಧನ 12 ಮತ್ತು ಋಣ 12 ವೋಲ್ಟ್. ಪಟ್ಟಿ ಕೇಬಲ್ಲಿನ ಕೆಂಪು ಗೆರೆ ಋಣದ ಕಡೆಯನ್ನು ಸೂಚಿಸುತ್ತದೆ. ಇದನ್ನು ತಿರುಗುಮುರುಗಾಗಿ ಚುಚ್ಚಿದರೆ ಚಿಪ್ಪು ಸುಡಬಹುದಾದ್ದರಿಂದ ರಕ್ಷಣೆಗೆ ಡಯೋಡುಗಳನ್ನು ಇಡುವುದು ಉಚಿತ. ವಿದ್ಯುತ್ತು ಕೊಟ್ಟ ಮೇಲೆ, ಸ್ಪೀಕರ್ ಜೋಡಿಸುವ ಮೊದಲೇ, ಹೊರಜ್ಯಾಕಿನಲ್ಲಿ ಏಕಮುಖ ವೋಲ್ಟೇಜು ಸೊನ್ನೆಗೆ ಸಮೀಪವಿದೆಯೇ ಎಂದು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು.

ಕಿವಿಯ ರಕ್ಷಣೆ

ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕಾದುದು ಹೆಡ್‌ಫೋನಿನ ವಿಷಯ. ಅದಕ್ಕೆ ಹೆಚ್ಚು ವಿದ್ಯುತ್ ಪ್ರವಾಹ ಬೇಕಾದುದರಿಂದ ಬೇರೆ ಚಿಪ್ಪೂ ಬೇರೆ ವಾಲ್ಯೂಮ್ ಗುಬುಟೂ ಇರಬೇಕು. ಒಂದು ಕೇಬಲ್ ಬದಲಿಸಿದ ಕ್ಷಣದಲ್ಲಿಯೇ ಈ ವಾದ್ಯದ ಮೆಲುದನಿ ಆರ್ಭಟವಾಗಬಲ್ಲದು. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಆಲಿಸಬಹುದು, 90 ಡೆಸಿಬೆಲ್ ಆದರೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಟ್ಟ ಚಿಪ್ಪಿನ ಬದಲು ಹೊಸದನ್ನು ಕೊಳ್ಳಬಹುದು. ಹೋದ ಶ್ರವಣಶಕ್ತಿ ಹಾಗೆ ದೊರೆಯುವುದಿಲ್ಲ. ಗುಬುಟನ್ನು ಸೊನ್ನೆಗೆ ತಿರುಗಿಸಿದ ಬಳಿಕವೇ ಹೆಡ್‌ಫೋನ್ ಧರಿಸುವುದು ನಿತ್ಯನಿಯಮವಾಗಲಿ.

ಹೊರಬಾಗಿಲಿನ ಬೆಲೆಯನ್ನು ನಮ್ಮ ದೇಶದ ನಿದರ್ಶನವೇ ಸಾರುತ್ತದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಮೂಗ್ ಸಿಂಥಸೈಜರನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ ಮೊದಲಾದ ಭಾರತೀಯರು ಅಲ್ಲಿ ನಾದಪ್ರಯೋಗಗಳನ್ನು ನಡೆಸಿದರು. ಆ ಕಾಲದ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಮರೆಯಾಗಿದ್ದು, ಪಾಲ್ ಪರ್ಗಾಸ್ ಅವರ ಶೋಧನೆಯಿಂದ ಬೆಳಕಿಗೆ ಬಂದು 2023ರಲ್ಲಿ ಪ್ರಕಟವಾದವು. ಅಂದಿನ ಕೇಬಲ್ ಜೋಡಣೆಗಳು ಅಂದೇ ಬಿಚ್ಚಿಹೋದವು. ವಾದ್ಯದಿಂದ ಹೊರಬಂದು ಟೇಪನ್ನು ಸೇರಿದ ನಾದವಷ್ಟೇ ನಮಗೆ ಉಳಿದಿದೆ. ಅಂಗೈಯಗಲದ ತಗಡೊಂದನ್ನು ಶ್ರದ್ಧೆಯಿಂದ ರೂಪಿಸುವ ಮಕ್ಕಳಿಗೆ ಹಿರಿಯರು ಪ್ರೋತ್ಸಾಹ ನೀಡಲೆಂದು ನಾವು ಆಶಿಸುತ್ತೇವೆ.