ಅಣೆಕಟ್ಟಿನ ತಪಾಸಣೆಯೂ ಕಾಲುವೆ ಕೊನೆಯ ರೈತನೂ

ನಮ್ಮ ಆದವಾನಿ ಸೀಮೆಯ ಹೊಲಗಳಿಗೆ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು. ರಾಯದುರ್ಗದ ಕಡೆಯ ಕಣೇಕಲ್ಲು, ಬೊಮ್ಮನಹಾಳುಗಳಿಗೆ ಮೇಲ್ಮಟ್ಟದ ಕಾಲುವೆಯ ನೀರು. ಎರಡಕ್ಕೂ ಮೂಲ ಹೊಸಪೇಟೆಯ ಬಳಿಯ ಅಣೆಕಟ್ಟೇ. ಆದುದರಿಂದ ಅದರ ಕ್ಷೇಮ ಇಂಜಿನಿಯರರ ಚಿಂತೆ ಮಾತ್ರವಲ್ಲ, ನಮ್ಮದೂ ಹೌದು.

1953ರಲ್ಲಿ ಮೊದಲು ನೀರು ನಿಂತ ಈ ಕಟ್ಟೆಗೆ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಆಗ ಜಲಾಶಯದಲ್ಲಿ ಸುಮಾರು 105 ಟಿಎಂಸಿ ನೀರಿತ್ತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. 30ಕ್ಕೂ ಹೆಚ್ಚು ಟಿಎಂಸಿ ನೀರು ನದಿಯ ಪಾಲಾಯಿತು. ಉಕ್ಕಿನ ಅಡ್ಡಹಲಗೆಗಳನ್ನು ಹೊಸದಾಗಿ ಮಾಡಿಸಿ, ಹರಿಯುವ ನೀರಿನಲ್ಲೇ ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದ ಕೆಲಸಗಾರರ ಸಾಹಸ ಮೆಚ್ಚತಕ್ಕದ್ದೇ. ಆ ವರ್ಷ ಮಳೆರಾಯ ಕೃಪೆ ತೋರಿದ, ಜಲಾಶಯ ಮತ್ತೆ ತುಂಬಿತು. ಆದರೆ 2025ರಲ್ಲಿ ಗೇಟುಗಳ ಸ್ಥಿತಿಯಿಂದಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಎಲ್ಲ ಗೇಟುಗಳನ್ನೂ ಬದಲಿಸುವುದಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನಿಸಿದರು. ಒಂದು ಸರಪಳಿ ಕಡಿದುದರಿಂದ ಬೆಳಕಿಗೆ ಬಂದ ದೌರ್ಬಲ್ಯಕ್ಕೆ ರೈತನು ಒಂದು ಬೆಳೆಯನ್ನೇ ತೆತ್ತನು!

ಕಾನೂನು ಇಲ್ಲವೆನ್ನುವಂತಿಲ್ಲ. ಅಣೆಕಟ್ಟು ಸುರಕ್ಷತಾ ಕಾಯಿದೆಯು 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ರಾಷ್ಟ್ರಕ್ಕೊಂದು ಅಣೆಕಟ್ಟು ಸುರಕ್ಷತಾ ಪ್ರಾಧಿಕಾರ, ರಾಜ್ಯಗಳಿಗೆ ಸುರಕ್ಷತಾ ಸಂಸ್ಥೆಗಳು ಇರಬೇಕು. ಕಟ್ಟೆಯ ಒಡೆಯರು ಮಳೆಗಾಲದ ಮುಂಚೆಯೂ ಆಮೇಲೂ ತಪಾಸಣೆ ಮಾಡಿಸಬೇಕು, ದುರಸ್ತಿಗೆ ಸಾಕಷ್ಟು ಹಣ ತೆಗೆದಿಡಬೇಕು, ಅಪಾಯಕಾಲದ ಯೋಜನೆ ಸಿದ್ಧಪಡಿಸಬೇಕು. ಕಾಯಿದೆ ಬಂದ ಮೂರನೆಯ ಮಳೆಗಾಲದಲ್ಲೇ ಸರಪಳಿ ಕಡಿಯಿತು. ಅಂದಮೇಲೆ ಕಾಯಿದೆಯ ಬಲವಿರುವುದು ಅದರ ಪುಟಗಳಲ್ಲಲ್ಲ. ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಮುಟ್ಟಿ ನೋಡುವ ಕೈಯಲ್ಲಿ, ಸವೆದುದನ್ನು ಬೇಸಿಗೆಯಲ್ಲೇ ಬದಲಿಸುವ ಆಜ್ಞೆಯಲ್ಲಿ.

ಕಪಿಲೆ ಹೊಡೆಯುತ್ತಿದ್ದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮಿಣಿ ಸವೆದುದನ್ನು ಕಂಡರೆ ಅದು ಬಾವಿಯಲ್ಲಿ ಹರಿಯುವ ತನಕ ಅವರು ಕಾಯುತ್ತಿರಲಿಲ್ಲ.

ತುಂಗಭದ್ರಾ ಮಂಡಳಿಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣಗಳ ಪ್ರತಿನಿಧಿಗಳಿದ್ದಾರೆ. ಅಧ್ಯಕ್ಷರನ್ನು ಕೇಂದ್ರ ಸರಕಾರ ನೇಮಿಸುತ್ತದೆ. ಹಲವರ ಸೊತ್ತಿನ ಮೇಲೆ ಎಲ್ಲರ ಕಣ್ಣೂ ಇರಬೇಕು. ನಮ್ಮ ನೀರು ಬಳಕೆದಾರರ ಸಂಘಗಳು ಪ್ರತಿ ವರ್ಷ ಮೇ ತಿಂಗಳಲ್ಲಿ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಲಿ: ಮಳೆಗಾಲದ ಮುಂಚಿನ ತಪಾಸಣೆ ಆಯಿತೇ? ಏನೇನು ದೋಷ ಕಂಡಿತು? ಯಾವ ದಿನದೊಳಗೆ ಸರಿಮಾಡುವಿರಿ? ಬಂದ ಉತ್ತರವನ್ನು ಪಂಚಾಯತಿಯ ಗೋಡೆಗೆ ಕನ್ನಡ, ತೆಲುಗು ಎರಡರಲ್ಲೂ ಅಂಟಿಸಲಿ. ಬಿತ್ತನೆಗೆ ಬೀಜ ತರುವ ಮೊದಲೇ ರೈತನಿಗೆ ಈ ಸಂಗತಿ ತಿಳಿದಿರಬೇಕು.