ವಿಷ ಬರುವುದು ಊಟದಿಂದ

ಹವಾಯಿಗೆ ಹೋಗಿರುವ ಮಗ ಅಲ್ಲಿನ ಕಾಡಿನಲ್ಲಿ ತೆಗೆದ ಕಪ್ಪೆಯ ಫೋಟೊ ಕಳಿಸಿದ್ದಾನೆ, ಮುಟ್ಟಿದರೆ ಜೀವ ಹೋಗುತ್ತದಂತೆ, ನಿಜವೇ ಎಂದು ಓದುಗರೊಬ್ಬರು ಗಾಬರಿಯಿಂದ ಕೇಳಿದ್ದಾರೆ. ನಿಜವಲ್ಲ. ಮುಟ್ಟಿದರೆ ಸಾಬೂನು ಹಚ್ಚಿ ಕೈ ತೊಳೆದರಾಯಿತು. ಈ ಹೆದರಿಕೆಯ ಮೂಲ ಬೇರೆ. ಬಾಣದ ಮೊನೆಗೆ ಕಪ್ಪೆಯ ವಿಷ ಸವರುತ್ತಿದ್ದವರು ಕೊಲಂಬಿಯಾದ ಎಂಬೆರಾ ಜನ. ಅವರು ಬಳಸುತ್ತಿದ್ದದ್ದು ಬೇರೆಯೇ ಕುಲದ ಕಪ್ಪೆಗಳನ್ನು. ಆ ಕುಖ್ಯಾತಿ ಬಣ್ಣದ ಕಪ್ಪೆಗಳಿಗೆಲ್ಲ ಅಂಟಿಕೊಂಡಿದೆ. ನಮ್ಮಲ್ಲೇನು ಕಡಿಮೆ? ಅಂಗಳದ ಬಡ ಕಪ್ಪೆ ಮುಟ್ಟಿದರೆ ನರುಲಿ ಏಳುತ್ತದೆಂದು ಇಂದಿಗೂ ಮಕ್ಕಳನ್ನು ಹೆದರಿಸುತ್ತೇವೆ. ನರುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್‌ನಿಂದ!

ಫೋಟೊದಲ್ಲಿರುವುದು ಡೆಂಡ್ರೊಬೇಟಿಸ್ ಆರಾಟಸ್. ಮೂರು-ನಾಲ್ಕು ಸೆಂಟಿಮೀಟರ್ ಉದ್ದ, ಕಪ್ಪು ಮೈಮೇಲೆ ಹೊಳೆವ ಹಸಿರು ಪಟ್ಟೆ. ಹವಾಯಿಯಲ್ಲಿ ಮೂಲತಃ ಒಂದೂ ಕಪ್ಪೆ ಇರಲಿಲ್ಲ. ಸೊಳ್ಳೆಯಂಥ ಕೀಟಗಳನ್ನು ತಿನ್ನಲೆಂದು 1932ರಲ್ಲಿ ಇದನ್ನು ಪನಾಮಾದಿಂದ ತಂದು ಒವಾಹು ದ್ವೀಪದ ಮನೋವಾ ಕಣಿವೆಯಲ್ಲಿ ಬಿಟ್ಟರು.

ಸ್ವಾರಸ್ಯ ಇರುವುದು ಮುಂದೆ. ಅಮೆರಿಕದ ರಸಾಯನಶಾಸ್ತ್ರಜ್ಞ ಜಾನ್ ಡೇಲಿ ಮತ್ತು ಸಂಗಡಿಗರು ಹವಾಯಿ, ಪನಾಮಾ, ಕೋಸ್ಟರೀಕಾಗಳ ಇದೇ ಜಾತಿಯ ಕಪ್ಪೆಗಳ ಮರಿಗಳನ್ನು ಒಳಾಂಗಣದ ಗಾಜಿನ ತೊಟ್ಟಿಗಳಲ್ಲಿ ಚಿಮ್ಮಂಡೆ, ಹಣ್ಣುನೊಣ ತಿನ್ನಿಸಿ ಸಾಕಿದರು. ಮರಿಗಳು ಬೆಳೆದವು, ಬಣ್ಣವೂ ಬಂತು. ಆದರೆ 1992ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನೋಡಿ: ಚರ್ಮದಲ್ಲಿ ವಿಷದ ಆಲ್ಕಲಾಯ್ಡ್‌ಗಳ ಸುಳಿವೇ ಇಲ್ಲ! ಹಣ್ಣುನೊಣಕ್ಕೆ ಆಲ್ಕಲಾಯ್ಡ್ ಪುಡಿ ಹಚ್ಚಿ ತಿನ್ನಿಸಿದಾಗ ಅದೇ ಆಲ್ಕಲಾಯ್ಡ್ ಚರ್ಮಕ್ಕೆ ಬಂದು ಸೇರಿತು. ಅಂದರೆ ಕಪ್ಪೆ ಈ ವಿಷವನ್ನು ತಯಾರಿಸುವುದಿಲ್ಲ. ತರಗೆಲೆಯಡಿಯ ಇರುವೆ, ನುಸಿಗಳನ್ನು ತಿಂದು, ಅವುಗಳ ವಿಷವನ್ನು ಚರ್ಮದ ಗ್ರಂಥಿಗಳಲ್ಲಿ ಕೂಡಿಡುತ್ತದೆ. ಹವಾಯಿಯ ಕಾಡಿನ ಕಪ್ಪೆಗಳಲ್ಲಿ ವಿಷವಿದೆ, ಆದರೆ ಯಾವುದು ಎಷ್ಟು ಎಂಬ ಲೆಕ್ಕ ಪನಾಮಾದ ನೆಂಟರಿಗಿಂತ ಬೇರೆ. ಊರು ಬದಲಾಯಿತು, ಊಟ ಬದಲಾಯಿತು, ವಿಷವೂ ಬದಲಾಯಿತು. ಅಕ್ವೇರಿಯಮ್ಮಿನಲ್ಲಿ ಹುಟ್ಟಿ ಬೆಳೆದ ಇಂಥ ಕಪ್ಪೆಯನ್ನು ಗಾಜಿಗೆ ಮೂಗು ಒತ್ತಿ ನೋಡಿದ್ದೇನೆ. ಪೂರ್ತಿ ಸಾಧು ಪ್ರಾಣಿ, ವೇಷ ಮಾತ್ರ ಖಳನದು.

ಇರುವೆ ಹೆಕ್ಕುವ ಪ್ರಾಣಿಯನ್ನು ಸೊಳ್ಳೆ ಬೇಟೆಗೆ ನೇಮಿಸಿದವರು ಅದರ ಊಟವನ್ನು ವಿಚಾರಿಸಿರಲಿಲ್ಲ. ಅದೇ 1932ರಲ್ಲಿ ಹವಾಯಿಗೆ ಬಂದ ಇನ್ನೊಂದು ಅತಿಥಿ ಕೇನ್ ಟೋಡ್ ಎಂಬ ವಿಷದ ನೆಲಗಪ್ಪೆ. ಕಬ್ಬಿನ ಜೀರುಂಡೆಗಳನ್ನು ತಿನ್ನಲೆಂದು ಅದನ್ನು 1935ರಲ್ಲಿ ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಒಯ್ದರು. ಜೀರುಂಡೆಗಳಿಗೆ ಅದರಿಂದ ಏನೂ ಆಗಲಿಲ್ಲ, ಅದನ್ನು ತಿಂದ ಅಲ್ಲಿನ ಉಡಗಳು ಸತ್ತವು. ಯಾವ ಪ್ರಾಣಿಯನ್ನೇ ಆಗಲಿ, ಅದು ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ ಎಂದು ತಿಳಿಯದೆ ಇನ್ನೊಂದು ನಾಡಿಗೆ ಸಾಗಿಸಬಾರದು.