ಹೊಟ್ಟೆ ಕರಗಲಿ, ತೋಳು ಸೊರಗದಿರಲಿ

ಶ್ರಾವಣ ಸೋಮವಾರದ ಒಪ್ಪತ್ತನ್ನು ತಿಂಗಳಿಡೀ ವಿಸ್ತರಿಸಿ, ಹೊಟ್ಟೆ ಇಳಿಯಿತೆಂದು ಸಂತೋಷಪಡುವ ಬಂಧುಗಳನ್ನು ನಾವು ಕಾಣುತ್ತೇವೆ. ತೂಕ ಇಳಿದಿರುವುದು ನಿಜ. ಆದರೆ ಇಳಿದದ್ದು ಕೊಬ್ಬೊಂದೇ ಅಲ್ಲ. ಆಹಾರ ತೀರ ಕಡಿಮೆಯಾದಾಗ ಶರೀರವು ತನ್ನ ಸ್ನಾಯುಗಳನ್ನೂ ಕರಗಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಆ ನಷ್ಟ ಸುಲಭವಾಗಿ ತುಂಬಿಬರದು. ಪೂಜೆ ಮುಗಿಸಿ ನೆಲದಿಂದೇಳಲು ಗೋಡೆ ಹಿಡಿಯಬೇಕಾಗುತ್ತದೆ.

ಹಾಗೆಂದು ಹೊಟ್ಟೆಯನ್ನು ಅಲಕ್ಷಿಸಲಾಗದು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆ.

ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಅನೇಕ ವೇಳೆ ಕೊರತೆಯಾಗುವುದು ಪ್ರೋಟೀನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದ ಪ್ರಮಾಣ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ; ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ತೂಕ ಇಳಿಸುವವರಿಗೆ ತುಸು ಹೆಚ್ಚೇ ಬೇಕು. ತಿಳಿಸಾರಿನಿಂದ ಇದು ದೊರೆಯದು. ಒಂದು ರೊಟ್ಟಿ, ಒಂದು ಹಿಡಿ ಅನ್ನ ಕಡಿಮೆ ಮಾಡಿ, ಹೆಸರುಕಾಳಿನ ಪಲ್ಯ, ಜುಣಕ, ಮೊಸರುಗಳನ್ನು ಹೆಚ್ಚಿಸಬೇಕು. ಹೋಳಿಗೆಯ ಮಾತು ಬೇರೆ! ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ಸರಿಯೇ. ಬಡಿಸುವಾಗಲೇ ‘ಸಾಕು’ ಎನ್ನಲು ಅಡ್ಡಿಯಿಲ್ಲವಷ್ಟೆ.

ನಡಿಗೆ ಒಳ್ಳೆಯದು, ಆದರೆ ಸ್ನಾಯುಗಳಿಗೆ ಭಾರವೂ ಬೇಕು. ಗರಡಿಮನೆಯ ದಂಡ, ಬೈಠಕ್‌ಗಳನ್ನು ವಾರಕ್ಕೆರಡು ದಿನವಾದರೂ ಮಾಡಬೇಕು. ಹಿರಿಯರು ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತು ಅಭ್ಯಾಸ ಮಾಡಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ಕಾಳುಬೇಳೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳತಕ್ಕದ್ದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.